ಮೆಂತ್ಯದ ಲೋಳೆಗೆ ಕೊನೆಗೂ ದಾರಿ ಸಿಕ್ಕಿತು

ಇವತ್ತು ಮೆಂತ್ಯ ಬೀಜದ ಸಾರ ಸೋಸಿ ಬಂತು! ಫಿಲ್ಟರ್ ಕಾಗದದ ಮೇಲೆ ಗಂಜಿಯ ಹಾಗೆ ಕೂರದೆ, ತಿಳಿ ಹಳದಿಯಾಗಿ ಸರಸರ ಕೆಳಗಿಳಿಯಿತು. ದಾವಣಗೆರೆಯ ಸೆಕೆಯಲ್ಲಿ ಬೆವರು ಸುರಿಸಿದ್ದಕ್ಕೂ ಬೆಲೆ ಬಂತು.

ಪುಡಿ ಮಾಡುವುದು, ಹೆಕ್ಸೇನ್ ಎಂಬ ದ್ರಾವಕದಲ್ಲಿ ಎಣ್ಣೆ ತೆಗೆಯುವುದು ನಿಮಗೆ ಗೊತ್ತಿರುವುದೇ. ಎಣ್ಣೆ ಮಾತ್ರ ಪೂರ್ತಿ ಹೋಗಬೇಕು. ಕೊಬ್ಬು ಕೂಡುವುದರ ಮೇಲೆ ಏನು ಪರಿಣಾಮ ಅಂತ ನೋಡಲು ನನ್ನ ಸಾರ ಹೋಗುವುದು ಗೆಳೆಯರ ಲ್ಯಾಬಿನಲ್ಲಿ ಬೆಳೆಸುವ 3ಟಿ3-ಎಲ್1 ಎಂಬ ಕೋಶಗಳಿಗೆ. ವಿಜ್ಞಾನಿ ಹೊವರ್ಡ್ ಗ್ರೀನ್ 1970ರ ದಶಕದಲ್ಲಿ ಇಲಿಯ ಭ್ರೂಣದ ಕೋಶಗಳಿಂದ ಬೆಳೆಸಿದ ತಳಿ ಅದು. ಇನ್ಸುಲಿನ್, ಡೆಕ್ಸಾಮೆಥಾಸೋನ್, ಐಬಿಎಂಎಕ್ಸ್ ಎಂಬ ಮೂರನ್ನು ಕೊಟ್ಟರೆ ಅವು ಕೊಬ್ಬಿನ ಕೋಶಗಳಾಗುತ್ತವೆ. ಬೀಜದ ಎಣ್ಣೆ ಉಳಿದರೆ ಅದರ ಕೊಬ್ಬಿನಾಮ್ಲಗಳೇ ಕೊಬ್ಬಿನ ಕೋಶವಾಗಲು ಬೇಕಾದ ಪಿಪಿಎಆರ್-ಗಾಮಾ ಎಂಬ ಪ್ರೋಟೀನನ್ನು ಎಬ್ಬಿಸಬಹುದು. ಆಮೇಲೆ ಕೊಬ್ಬಿಗೆ ಹತ್ತುವ ಆಯಿಲ್ ರೆಡ್ ಓ ಎಂಬ ಕೆಂಪು ಬಣ್ಣ ಹತ್ತಿದ್ದು ಮೆಂತ್ಯದ ಗುಣದಿಂದಲೋ, ಎಣ್ಣೆಯಿಂದಲೋ ಹೇಳೋದು ಹೇಗೆ?

ಕಾಟ ಕೊಟ್ಟಿದ್ದು ಲೋಳೆ. ಲೋಳೆ ಅಂದರೆ ಮೆಂತ್ಯದ ಗೋಂದು, ಗ್ಯಾಲಕ್ಟೋಮನ್ನಾನ್. ಅದರಲ್ಲಿ ಗ್ಯಾಲಕ್ಟೋಸ್ ಮತ್ತು ಮನ್ನೋಸ್ ಎಂಬ ಸಕ್ಕರೆಗಳು ಹೆಚ್ಚುಕಡಿಮೆ 1:1. ಗೋರಿಕಾಯಿ ಬೀಜದ ಗೋಂದಿನಲ್ಲಿ ಅದು 1:2. ಗ್ಯಾಲಕ್ಟೋಸ್ ಜಾಸ್ತಿ ಇದ್ದಷ್ಟೂ ನೀರಿನಲ್ಲಿ ಬೇಗ ಕರಗುತ್ತದೆ. ಆಲ್ಕೋಹಾಲ್ ಜಾಸ್ತಿ ಇದ್ದರೆ ಗೋಂದು ಉಬ್ಬುವುದೇ ಇಲ್ಲ. ಅದಕ್ಕೇ ಐಸೊಪ್ರೊಪೈಲ್ ಆಲ್ಕೋಹಾಲ್ ತರಿಸಿ, 60 ಪರ್ಸೆಂಟಿಗೆ ನೀರು ಬೆರೆಸಿ ನೆನೆಹಾಕುತ್ತಿದ್ದೆ. ಆದರೂ ಪ್ರತಿ ಸಲ ಗಂಜಿ! ಮಂಡಿಪೇಟೆಯ ಮೆಂತ್ಯ ಬದಲಿಸಿದೆ, ಪುಡಿ ದಪ್ಪ ಮಾಡಿದೆ, ಮಸ್ಲಿನ್ ಬಟ್ಟೆಯಲ್ಲಿ ಹಿಂಡಿದೆ. ಏನೂ ಉಪಯೋಗವಾಗಲಿಲ್ಲ.

ಕೊನೆಗೆ ಬಾಟಲಿಯ ಮೇಲೇ ಅನುಮಾನ ಬಂತು. 100 ಮಿಲಿ ಅಳೆದು ತೂಕ ಹಾಕಿದೆ. ಶುದ್ಧ ಐಸೊಪ್ರೊಪೈಲ್ ಆದರೆ ಸುಮಾರು 78 ಗ್ರಾಂ ಇರಬೇಕು. ಇದು 87 ತೂಗಿತು, ಅಂದರೆ ನೀರು ಬೆರೆತಿದೆ! ಲೇಬಲ್‌ನಲ್ಲಿ 99 ಪರ್ಸೆಂಟ್ ಅಂತ ಬರೆದಿದ್ದು, ಒಳಗಿದ್ದದ್ದು 70ರ ಆಸುಪಾಸು. ನಾನು ನೀರು ಬೆರೆಸಿದ ಮೇಲೆ 40ಕ್ಕೆ ಇಳಿದಿರಬೇಕು, ಗೋಂದು ಉಬ್ಬದೆ ಇರುತ್ತದೆಯೇ? ಮಾರಿದವರಿಗೆ ಫೋನ್ ಮಾಡಿದರೆ "ಯಾರೂ ಕಂಪ್ಲೇಂಟ್ ಮಾಡಿಲ್ಲ ಸಾರ್" ಎಂಬ ಉತ್ತರ. ತೂಕ ಹಾಕಿ ನೋಡಿದವರು ಯಾರಿದ್ದಾರೆ? ದಯವಿಟ್ಟು ನೀವು ಹಾಕಿ. ತಕ್ಕಡಿ, ಅಳತೆ ಜಾಡಿ ಎರಡೇ ಸಾಕು.

ಬೇರೆ ಕಡೆಯ ಬಾಟಲಿ 78ರ ಹತ್ತಿರ ತೂಗಿತು. 70 ಪರ್ಸೆಂಟಿಗೆ ಇಳಿಸಿ ನೆನೆಹಾಕಿದೆ, ಪುಡಿ ತಳದಲ್ಲಿ ಬಿಡಿಬಿಡಿಯಾಗಿಯೇ ಕೂತಿತು. ಈಗ ವಾಟರ್ ಬಾತ್‌ನಲ್ಲಿ ಆರುತ್ತಿದೆ. ಗ್ಯಾಸ್ ಒಲೆ ಹತ್ತಿರ ತರಬೇಡಿ, ಇದರ ಆವಿಗೆ 12 ಡಿಗ್ರಿಯಲ್ಲೇ ಬೆಂಕಿ ಹತ್ತಬಲ್ಲದು.

ಇದರ ನಡುವೆ ಮನಸ್ಸು ಆಗಲೇ ಚಿತ್ರದುರ್ಗದ ಗುಡ್ಡದ ಸೀತಾಫಲದ ಕಡೆ ಓಡಿದೆ. ಅದರ ಬೀಜದಲ್ಲಿರುವ ಅಸಿಟೋಜೆನಿನ್‌ ಎಂಬ ವಿಷಗಳು ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಕೆಲಸವನ್ನೇ ತಡೆಯುತ್ತವೆ. ಸತ್ತ ಕೋಶದಲ್ಲಿ ಕೊಬ್ಬು ಎಲ್ಲಿಂದ ಬರಬೇಕು? ಕೋಶದ ತಟ್ಟೆಗೆ ಬಣ್ಣ ಹತ್ತದೆ ಬೆಳ್ಳಗೆ ಕಂಡ ಕೂಡಲೇ "ಕೊಬ್ಬು ತಡೆಯಿತು" ಅಂದುಬಿಡುವುದು ಸುಲಭ. ಹಾಗಾಗಿ ಮೊದಲು ಕೋಶ ಬದುಕಿದೆಯೇ ಎಂದು ನೋಡುವ ಎಂಟಿಟಿ ಪರೀಕ್ಷೆ, ಆಮೇಲೆ ಆಯಿಲ್ ರೆಡ್ ಓ ಬಣ್ಣ. ಬೀಜ ಪುಡಿ ಮಾಡುವಾಗ ಕನ್ನಡಕ ಹಾಕಿಕೊಳ್ಳಿ, ಆ ಪುಡಿ ಕಣ್ಣಿಗೆ ಬಿದ್ದರೆ ತುಂಬಾ ಅಪಾಯ. ಹಣ್ಣು ಬರುವ ಹೊತ್ತಿಗೆ ನಿಮ್ಮಲ್ಲಿ ಯಾರಾದರೂ ಬೀಜ ಒಣಗಿಸಿ ಇಟ್ಟರೆ, ಬಂದು ತೆಗೆದುಕೊಂಡು ಹೋಗುತ್ತೇನೆ.