ಮದುವೆ ದಾಖಲೆಗೂ ಒಂದು ತವರು: ಒಹಾಯೋದ ಪ್ರೊಬೇಟ್ ಕೋರ್ಟ್ ಕೌಂಟರಿನಿಂದ

ಅಮೆರಿಕದ ಒಹಾಯೋ ರಾಜ್ಯದಲ್ಲಿ 88 ಕೌಂಟಿಗಳಿವೆ, ನಮ್ಮಲ್ಲಿ ಜಿಲ್ಲೆಗಳಿದ್ದಂತೆ. ಮದುವೆ ಲೈಸೆನ್ಸ್ ಕೊಡುವುದು ಆಯಾ ಕೌಂಟಿಯ ಪ್ರೊಬೇಟ್ ಕೋರ್ಟು. ಉಯಿಲು, ಸತ್ತವರ ಆಸ್ತಿ, ಪೋಷಕತ್ವದ ಅರ್ಜಿಗಳನ್ನು ನೋಡುವ ಕೋರ್ಟೇ ಮದುವೆ ಕಾಗದವನ್ನೂ ನೋಡಿಕೊಳ್ಳುತ್ತದೆ. ಲೈಸೆನ್ಸ್ ಕೌಂಟರಿನಲ್ಲಿ ಕೂತವರಿಗೆ ದಿನಾ ಎದುರಾಗುವ ಗೊಂದಲ ಒಂದೇ. ಲೈಸೆನ್ಸ್, ಪುರೋಹಿತರು ಸಹಿ ಹಾಕುವ ಪತ್ರ, ಆಮೇಲೆ ಕೋರ್ಟು ಮೊಹರು ಒತ್ತಿ ಕೊಡುವ ಸರ್ಟಿಫೈಡ್ ಕಾಪಿ, ಈ ಮೂರೂ ಒಂದೇ ಅಂದುಕೊಂಡು ಬರುತ್ತಾರೆ. ಲೈಸೆನ್ಸ್ ಅಂದರೆ ಮದುವೆಯಾಗಲು ಅನುಮತಿ, ಅಷ್ಟೇ. ಮದುವೆ ನಡೆಸಿದವರು ಪತ್ರ ತುಂಬಿ ಕೋರ್ಟಿಗೆ ವಾಪಸ್ ಕಳಿಸಿದ ಮೇಲೆಯೇ ದಾಖಲೆ ಹುಟ್ಟುವುದು. ವೀಸಾಕ್ಕೆ, ಬ್ಯಾಂಕಿಗೆ, ಹೆಸರು ಬದಲಾವಣೆಗೆ ಬೇಕಾಗುವುದು ಮೂರನೆಯದು.

ಯಾವ ಕೌಂಟಿಗೆ ಹೋಗಬೇಕು ಅನ್ನುವಲ್ಲೇ ಅರ್ಧ ಜನ ಎಡವುತ್ತಾರೆ. ಹುಡುಗ ಹುಡುಗಿಯರಲ್ಲಿ ಒಬ್ಬರಾದರೂ ಒಹಾಯೋ ನಿವಾಸಿಯಾಗಿದ್ದರೆ, ಅವರು ವಾಸವಿರುವ ಕೌಂಟಿಯಲ್ಲೇ ಅರ್ಜಿ ಹಾಕಬೇಕು. ಛತ್ರ ಎಲ್ಲಿದೆ ಎಂಬುದು ಆಗ ಲೆಕ್ಕಕ್ಕಿಲ್ಲ. ಇಬ್ಬರೂ ಬೇರೆ ರಾಜ್ಯದವರಾಗಿದ್ದರೆ ಮಾತ್ರ ಮದುವೆ ನಡೆಯುವ ಕೌಂಟಿಗೆ ಹೋಗಬೇಕು. ಅಂಚೆ ವಿಳಾಸ ನೋಡಿ ಕೌಂಟಿ ಊಹಿಸಲು ಹೋಗಬೇಡಿ. ಕೊಲಂಬಸ್ ಪಕ್ಕದ ಡಬ್ಲಿನ್‌ನಲ್ಲಿ ನಮ್ಮ ಕಡೆಯವರು ಬಹಳ ಮಂದಿ ಇದ್ದಾರೆ. ಆ ಒಂದೇ ಊರು ಫ್ರಾಂಕ್ಲಿನ್, ಡೆಲವೇರ್, ಯೂನಿಯನ್ ಎಂಬ ಮೂರು ಕೌಂಟಿಗಳಲ್ಲಿ ಹರಡಿಕೊಂಡಿದೆ. ಆಸ್ತಿ ತೆರಿಗೆ ರಸೀದಿಯಲ್ಲೋ ಮತದಾರರ ನೋಂದಣಿಯಲ್ಲೋ ಇರುವ ಕೌಂಟಿ ಹೆಸರನ್ನು ನೋಡಿಕೊಂಡು ಹೊರಡುವುದು ಒಳ್ಳೆಯದು.

ಒಮ್ಮೆ ಲೈಸೆನ್ಸ್ ಸಿಕ್ಕಿತೋ, ಒಹಾಯೋದ ಒಳಗೆ ಎಲ್ಲಿ ಬೇಕಾದರೂ ಮದುವೆಯಾಗಬಹುದು. ರಾಜ್ಯದ ಗಡಿ ದಾಟಿದರೆ ಅದು ಬರೀ ಕಾಗದ. ಸಿನ್ಸಿನಾಟಿಯವರಿಗೆ ಇದು ದೊಡ್ಡ ಬಲೆ. ಒಹಾಯೋ ನದಿಯ ಸೇತುವೆ ದಾಟಿದರೆ ಕೋವಿಂಗ್ಟನ್, ಅಲ್ಲಿಂದ ಕೆಂಟಕಿ ರಾಜ್ಯ. ನದಿಯಾಚೆ ಹಾಲ್ ಬುಕ್ ಮಾಡಿದವರು ಕೆಂಟಕಿಯ ಕೌಂಟಿ ಕ್ಲರ್ಕ್ ಹತ್ತಿರ ಬೇರೆ ಲೈಸೆನ್ಸ್ ಪಡೆಯಬೇಕು. ಅದರ ಆಯುಷ್ಯ 30 ದಿನ, ಇಬ್ಬರು ಸಾಕ್ಷಿಗಳೂ ಬೇಕು. ಒಹಾಯೋದಲ್ಲಿ ಸಾಕ್ಷಿಗಳ ಅಗತ್ಯವಿಲ್ಲ, ಅವಧಿ 60 ದಿನ.

ಈ 60 ದಿನದ ಲೆಕ್ಕ ನಮ್ಮವರಿಗೆ ಕೈಕೊಡುವುದು ಪಂಚಾಂಗದಿಂದ. ಮುಹೂರ್ತ ಆರು ತಿಂಗಳ ಮೊದಲೇ ಗೊತ್ತಾಗಿರುತ್ತದೆ, ಊರಿಂದ ಅಪ್ಪ ಅಮ್ಮ ಬರುವ ದಿನವೂ ನಿಗದಿಯಾಗಿರುತ್ತದೆ. ಒಂದು ಕೆಲಸ ಮುಗಿದೀತು ಎಂದು ಮೂರು ತಿಂಗಳು ಮುಂಚೆಯೇ ಲೈಸೆನ್ಸ್ ತೆಗೆದಿಟ್ಟರೆ ಮುಹೂರ್ತದ ಹೊತ್ತಿಗೆ ಅದು ಸತ್ತಿರುತ್ತದೆ. ಹಳೆಯದಕ್ಕೆ ಅವಧಿ ವಿಸ್ತರಣೆ ಎಂಬುದಿಲ್ಲ. ಹೊಸ ಅರ್ಜಿ ಹಾಕಿ ಶುಲ್ಕವನ್ನೂ ಮತ್ತೆ ಕಟ್ಟಬೇಕು. ಇನ್ನೊಂದು ತುದಿಯವರು ಮದುವೆಯ ಹಿಂದಿನ ಶುಕ್ರವಾರ ಸಂಜೆ ಓಡಿ ಬರುತ್ತಾರೆ. ಒಹಾಯೋದಲ್ಲಿ ಕಾಯುವ ಅವಧಿ ಇಲ್ಲ, ಅರ್ಜಿ ಸರಿಯಿದ್ದರೆ ಅಂದೇ ಕೈಗೆ ಬರುತ್ತದೆ, ನಿಜ. ಆದರೆ ಒಂದು ಕಾಗದ ಕಮ್ಮಿ ಬಿದ್ದರೂ ಮುಂದಿನ ಬಾಗಿಲು ತೆರೆಯುವುದು ಸೋಮವಾರ. ಎರಡು ಮೂರು ವಾರ ಮುಂಚೆ ಬಂದರೆ ಎಲ್ಲಕ್ಕೂ ಸಮಯವಿರುತ್ತದೆ.

ಇಬ್ಬರೂ ಕೋರ್ಟಿನ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು. ಚಾಲನಾ ಪರವಾನಗಿ ಅಥವಾ ಪಾಸ್‌ಪೋರ್ಟ್ ತನ್ನಿ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇದ್ದರೆ ಹೇಳಲೇಬೇಕು. ಎಚ್-4 ವೀಸಾದಲ್ಲಿ, ಅಂದರೆ ಉದ್ಯೋಗಿಯ ಅವಲಂಬಿತರಾಗಿ ಬಂದು, ನಂಬರ್ ಇಲ್ಲದವರು ಇಲ್ಲವೆಂದು ಬರೆದರೆ ಸಾಕು. ಹುಟ್ಟಿದ ಸ್ಥಳ, ಉದ್ಯೋಗ, ತಂದೆಯ ಹೆಸರು, ತಾಯಿಯ ತವರಿನ ಹೆಸರು, ಮದುವೆ ನಡೆಸುವವರು ಯಾರು, ಇವೆಲ್ಲ ಕೇಳುತ್ತಾರೆ. ಹಿಂದೆ ವಿಚ್ಛೇದನವಾಗಿದ್ದರೆ ಯಾವ ಕೋರ್ಟು, ತೀರ್ಪಿನ ದಿನಾಂಕ, ಕೇಸ್ ನಂಬರ್ ಬೇಕು. ತೀರ್ಪು ಕನ್ನಡದಲ್ಲಿದ್ದರೆ ಅದರ ದೃಢೀಕೃತ ಇಂಗ್ಲಿಷ್ ಅನುವಾದವನ್ನೂ ಮೊದಲೇ ಮಾಡಿಸಿಕೊಂಡಿರಿ. ಶುಲ್ಕ ಕೌಂಟಿಯಿಂದ ಕೌಂಟಿಗೆ ಬೇರೆ, ಕಾರ್ಡ್ ತೆಗೆದುಕೊಳ್ಳುತ್ತಾರೋ ಬರೀ ನಗದೋ ಎಂಬುದೂ ಬೇರೆ. ರಕ್ತಪರೀಕ್ಷೆ ಬೇಕಿಲ್ಲ. ಕುಡಿದು ಬಂದವರಿಗೆ ಲೈಸೆನ್ಸ್ ಕೊಡಬಾರದೆಂದು ಮಾತ್ರ ಕಾನೂನಿನಲ್ಲೇ ಬರೆದಿದೆ!

ಹೆಸರು ಮತ್ತು ದಿನಾಂಕಗಳಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಜುಲೈ 3ನ್ನು ನಾವು 03/07 ಎಂದು ಬರೆಯುತ್ತೇವೆ. ಇಲ್ಲಿ ಅದು ಮಾರ್ಚ್ 7 ಆಗುತ್ತದೆ. 12ರ ನಂತರದ ತಾರೀಕಾದರೆ ಕಂಪ್ಯೂಟರೇ ಒಪ್ಪುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. 12ರೊಳಗಿನದು ಸದ್ದಿಲ್ಲದೆ ಒಳಗೆ ಹೋಗಿ ಎರಡು ವರ್ಷ ಬಿಟ್ಟು ಗ್ರೀನ್ ಕಾರ್ಡ್ ಅರ್ಜಿಯಲ್ಲಿ ತಲೆ ಎತ್ತುತ್ತದೆ. ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಸೇರಿದ ನಮ್ಮ ಹೆಸರುಗಳಲ್ಲಿ ಕೊನೆಯ ಪದವನ್ನೇ ಸರ್‌ನೇಮ್ ಎಂದು ಹಿಡಿಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದವರ ಅಮೆರಿಕದ ವೀಸಾದಲ್ಲಿ ಸ್ವಂತ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಕೌಂಟರಿಗೆ ಬರುವ ಮುಂಚೆ ಒಂದು ಕಾಗದ ಆರಿಸಿ, ಅದರಲ್ಲಿದ್ದಂತೆಯೇ ಅಕ್ಷರ ಅಕ್ಷರ ಬರೆಯಿರಿ. ಇನಿಷಿಯಲ್ ಬಿಡಿಸುವುದೋ ಬೇಡವೋ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಳ್ಳಿ. ಅಮ್ಮನಿಗೆ ಸರ್‌ನೇಮೇ ಇರಲಿಲ್ಲವೆಂದರೆ ಇದ್ದ ಹೆಸರನ್ನೇ ಬರೆಯಿರಿ, ಗಂಡನ ಮನೆಯದನ್ನು ತಂದು ಅಂಟಿಸಬೇಡಿ. ಸಹಿ ಹಾಕುವ ಮುಂಚೆ ಪರದೆಯಲ್ಲಿ ತೋರಿಸಿದಾಗ ನಿಧಾನವಾಗಿ ಓದಿ. ಆ ಎರಡು ನಿಮಿಷ ಉಳಿಸಿದವರು ಆಮೇಲೆ ತಿದ್ದುಪಡಿಗೆ ಪುರಾವೆ ಹೊತ್ತುಕೊಂಡು ಅಲೆಯುತ್ತಾರೆ.

ಸಂಬಂಧದಲ್ಲಿ ಮದುವೆಯಾಗುವವರು ಮೊದಲೇ ತಿಳಿದಿರಬೇಕಾದ ಮಾತೊಂದಿದೆ. ಒಹಾಯೋ ಕಾನೂನು ಎರಡನೇ ಕಸಿನ್‌ಗಿಂತ ಹತ್ತಿರದ ರಕ್ತಸಂಬಂಧದಲ್ಲಿ ಲೈಸೆನ್ಸ್ ಕೊಡುವುದಿಲ್ಲ. ಅಂದರೆ ಅಕ್ಕನ ಮಗಳು, ಸೋದರಮಾವನ ಮಗಳು, ಸೋದರತ್ತೆ ಮಗ, ಯಾರೂ ಆಗುವುದಿಲ್ಲ. ಹುಡುಗನ ಅಜ್ಜ ಅಥವಾ ಅಜ್ಜಿ, ಹುಡುಗಿಯ ಅಜ್ಜ ಅಥವಾ ಅಜ್ಜಿ ಒಡಹುಟ್ಟಿದವರಾಗಿದ್ದರೆ ಅದು ಎರಡನೇ ಕಸಿನ್ ಸಂಬಂಧ, ಅಡ್ಡಿಯಿಲ್ಲ. ಊರಲ್ಲಿ ರೂಢಿಯ ಬಲದಿಂದ ನಡೆಯುವ ಮದುವೆ ಇಲ್ಲಿನ ಕೌಂಟರಿನಲ್ಲಿ ನಡೆಯದು, ಗುಮಾಸ್ತರ ಹತ್ತಿರ ವಾದ ಮಾಡಿ ಫಲವಿಲ್ಲ. ಬೇರೆಡೆ ಕಾನೂನುಬದ್ಧವಾಗಿ ಆದ ಮದುವೆಗೆ ಇಲ್ಲಿ ಮಾನ್ಯತೆ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಮ್ಯಾಸಚೂಸೆಟ್ಸ್‌ನಲ್ಲಿ ಆದ ಮೊದಲ ಕಸಿನ್‌ಗಳ ಮದುವೆಯನ್ನು ಒಹಾಯೋ ಸುಪ್ರೀಂ ಕೋರ್ಟು 1958ರಲ್ಲಿ ಎತ್ತಿಹಿಡಿದಿತ್ತು. ಅಂಥ ವಿಷಯಕ್ಕೆ ವಕೀಲರನ್ನೇ ನೋಡಬೇಕು.

ಹಾಗೆಯೇ, ಊರಲ್ಲಿ ಶಾಸ್ತ್ರೋಕ್ತವಾಗಿ ಮದುವೆಯಾಗಿ ಬಂದವರು ಇಲ್ಲಿ ಮತ್ತೊಮ್ಮೆ ಲೈಸೆನ್ಸ್ ಕೇಳುವುದೂ ಇದೆ. ಅರ್ಜಿಯಲ್ಲಿ ಜೀವಂತ ಸಂಗಾತಿ ಇಲ್ಲವೆಂದು ಪ್ರಮಾಣ ಮಾಡಬೇಕು. ಪಕ್ಕದಲ್ಲಿ ಹೆಂಡತಿ ನಿಂತಿರುವಾಗ ಅಂಥ ಪ್ರಮಾಣ ಮಾಡುವುದು ಹೇಗೆ? ಇಲ್ಲಿ ಹೊಸ ತಾರೀಕಿನ ಮದುವೆ ಹುಟ್ಟಿದರೆ ವೀಸಾ ಕಡತದಲ್ಲಿ ಎರಡು ತಾರೀಕು ಜಗಳವಾಡುತ್ತವೆ. ಸರಿಯಾದ ದಾರಿ ಕರ್ನಾಟಕದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆ ಮದುವೆಯನ್ನೇ ನೋಂದಾಯಿಸುವುದು.

ಇನ್ನು ಪುರೋಹಿತರು. ಒಹಾಯೋದಲ್ಲಿ ಮದುವೆ ನಡೆಸುವ ಧರ್ಮಗುರುವಿಗೆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಪರವಾನಗಿ ಇರಬೇಕು, ಅದಕ್ಕೆ ಶುಲ್ಕ 10 ಡಾಲರ್. ಸ್ಥಳೀಯ ದೇವಸ್ಥಾನದ ಅರ್ಚಕರಿಗೆ ಸಾಮಾನ್ಯವಾಗಿ ಇರುತ್ತದೆ. ತೊಂದರೆ ಬರುವುದು ಮನೆತನದ ಪುರೋಹಿತರನ್ನು ನ್ಯೂಜೆರ್ಸಿಯಿಂದಲೋ ಮೈಸೂರಿನಿಂದಲೋ ಕರೆಸಿದಾಗ. ಅವರು ಸಪ್ತಪದಿ ಮಾಡಿಸಲಿ, ಸಹಿಗೆ ಮಾತ್ರ ಪರವಾನಗಿ ಇರುವವರು ಬೇಕು. ಒಂದೋ ಮುಂಚೆಯೇ ಅರ್ಜಿ ಹಾಕಿಸಿ, ಇಲ್ಲವೇ ಇಲ್ಲಿನ ಅರ್ಚಕರನ್ನು ಜೊತೆಗೆ ಕೂರಿಸಿಕೊಳ್ಳಿ. ಮೇಯರ್, ನ್ಯಾಯಾಧೀಶರಿಗೂ ಅಧಿಕಾರವಿದೆ. ಇಂಟರ್ನೆಟ್ಟಿನಲ್ಲಿ ದೀಕ್ಷೆ ಪಡೆದ ಗೆಳೆಯನಿಗಾದರೆ ಅರ್ಚಕರಂತೆಯೇ ಪರವಾನಗಿ ಬೇಕು.

ಮದುವೆಯಾದ 30 ದಿನದೊಳಗೆ ತುಂಬಿದ ಪತ್ರ ಲೈಸೆನ್ಸ್ ಕೊಟ್ಟ ಕೋರ್ಟಿಗೆ ವಾಪಸ್ ಬರಬೇಕು. ಕಳಿಸುವ ಹೊಣೆ ಮದುವೆ ನಡೆಸಿದವರದು. ಅದು ಅರ್ಚಕರ ಜೋಳಿಗೆಯಲ್ಲೋ, ಉಡುಗೊರೆಯ ಕವರುಗಳ ಜೊತೆ ಅತ್ತೆಯ ಸೂಟ್‌ಕೇಸಿನಲ್ಲೋ ಉಳಿದುಬಿಡುತ್ತದೆ. ಹೂವಿನ ಅಂಚಿರುವ ಅಲಂಕಾರದ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರು ಎಲ್ಲ ಮುಗಿಯಿತೆಂದು ನಿಶ್ಚಿಂತರಾಗಿರುತ್ತಾರೆ. ಕೋರ್ಟಿನ ಪುಸ್ತಕದಲ್ಲಿ ಜಾಗ ಖಾಲಿ. ತಡವಾಯಿತೆಂದು ಮದುವೆಯೇನೂ ಬಿದ್ದುಹೋಗುವುದಿಲ್ಲ, ಆದರೆ ಕಾಪಿ ಕೊಡಲು ದಾಖಲೆ ಇರುವುದಿಲ್ಲ. ಮೂರು ವಾರ ಬಿಟ್ಟು ಒಂದು ಫೋನ್ ಮಾಡಿ ಪತ್ರ ಬಂತೇ ಎಂದು ಕೇಳಿ. ಬಂದಿದ್ದರೆ ಒಟ್ಟಿಗೇ ಎರಡು ಮೂರು ಸರ್ಟಿಫೈಡ್ ಕಾಪಿ ತೆಗೆದುಕೊಳ್ಳಿ.

ಲೈಸೆನ್ಸ್‌ನಲ್ಲಿ ಇರುವುದು ಮದುವೆಗೆ ಮುಂಚಿನ ಹೆಸರುಗಳು. ಹೊಸ ಸರ್‌ನೇಮ್ ಬಯಸುವವರು ಸರ್ಟಿಫೈಡ್ ಕಾಪಿ ಹಿಡಿದು ಮೊದಲು ಸೋಶಿಯಲ್ ಸೆಕ್ಯುರಿಟಿ ಕಚೇರಿ, ಆಮೇಲೆ ಚಾಲನಾ ಪರವಾನಗಿ ಕೊಡುವ ಬಿಎಂವಿ ಕಚೇರಿ, ಈ ಅನುಕ್ರಮದಲ್ಲಿ ಹೋಗಬೇಕು. ಭಾರತದಲ್ಲಿ ಬಳಸಲು ಅಪೋಸ್ಟಿಲ್, ಅಂದರೆ ಹೊರದೇಶಕ್ಕೆ ದಾಖಲೆ ಅಸಲಿ ಎಂದು ದೃಢೀಕರಿಸುವ ಪತ್ರ, ಬೇಕಾದರೆ, ಅದೇ ಮೊಹರಿನ ಕಾಪಿಯನ್ನು ಒಹಾಯೋ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಒಯ್ಯಬೇಕು. ಜೆರಾಕ್ಸಿಗೆ ನೋಟರಿ ಮಾಡಿಸಿ ತಂದರೆ ಕೆಲಸಕ್ಕೆ ಬರುವುದಿಲ್ಲ. ಭಾರತ 2005ರಿಂದ ಅಪೋಸ್ಟಿಲ್ ಒಪ್ಪಂದದಲ್ಲಿದೆ.

ಹಳೆಯ ದಾಖಲೆ ಹುಡುಕುವವರಿಗೂ ಸೂತ್ರ ಅದೇ: ಹೆಣ್ಣಿಗೆ ತವರಿದ್ದಂತೆ ಮದುವೆ ದಾಖಲೆಗೆ ಲೈಸೆನ್ಸ್ ಕೊಟ್ಟ ಕೌಂಟಿ. ಮದುವೆ ಎಲ್ಲೇ ನಡೆದಿರಲಿ, ದಂಪತಿ ಈಗ ಎಲ್ಲೇ ಇರಲಿ, ಪುಟ ಇರುವುದು ಅಲ್ಲಿ. ರಾಜ್ಯದ ಆರೋಗ್ಯ ಇಲಾಖೆಗೆ ಬರೆದರೆ ಸರ್ಟಿಫೈಡ್ ಕಾಪಿ ಸಿಗದು, ಕೌಂಟಿಗೇ ಹೋಗಿ ಎನ್ನುತ್ತಾರೆ. ಇದು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಬಹುದು. ಇಬ್ಬರ ಮದುವೆಗೆ ಮುಂಚಿನ ಹೆಸರು, ಅಂದಾಜು ವರ್ಷ, ಕೌಂಟಿ, ಇಷ್ಟಿದ್ದರೆ ಸಾಕು. ಅಂಚೆಯಲ್ಲಿ ಕೇಳುವವರು ಶುಲ್ಕದ ಜೊತೆ ಸ್ವವಿಳಾಸದ, ಸ್ಟಾಂಪ್ ಹಚ್ಚಿದ ಲಕೋಟೆ ಇಡಬೇಕು. ಕನ್ನಡದ ಹೆಸರು ಸಿಗಲಿಲ್ಲವೆಂದರೆ ತಂದೆಯ ಹೆಸರನ್ನು ಸರ್‌ನೇಮ್ ಎಂದುಕೊಂಡು ಹುಡುಕಿ, ಆಮೇಲೆ ಊರಿನ ಹೆಸರಲ್ಲಿ. ಲಕ್ಷ್ಮಿಯ ನಡುವೆ ‘ಕೆ-ಎಸ್-ಎಚ್’ ಇದೆಯೋ ‘ಎಕ್ಸ್’ ಇದೆಯೋ, ಎರಡನ್ನೂ ನೋಡಿ. ಒಬ್ಬರ ಹೆಸರು ಕೆಟ್ಟಿದ್ದರೂ ಇನ್ನೊಬ್ಬರದು ಸರಿಯಿರುತ್ತದೆ, ಸೂಚಿಯಲ್ಲಿ ಇಬ್ಬರ ಹೆಸರಿನಿಂದಲೂ ಹುಡುಕಬಹುದು.

ಇನ್ನೂ ಹಿಂದಕ್ಕೆ ಹೋದರೆ, ಪ್ರೊಬೇಟ್ ಕೋರ್ಟುಗಳು ಹುಟ್ಟಿದ್ದು 1851ರ ಸಂವಿಧಾನದಿಂದ. ಅದಕ್ಕೂ ಮುಂಚಿನ ಲೈಸೆನ್ಸ್‌ಗಳನ್ನು ಕಾಮನ್ ಪ್ಲೀಸ್ ಕೋರ್ಟಿನ (ಕೌಂಟಿಯ ಸಾಮಾನ್ಯ ವಿಚಾರಣಾ ನ್ಯಾಯಾಲಯದ) ಗುಮಾಸ್ತರು ಕೊಡುತ್ತಿದ್ದರು. ಸಿನ್ಸಿನಾಟಿ ಇರುವ ಹ್ಯಾಮಿಲ್ಟನ್ ಕೌಂಟಿಯಲ್ಲಿ 1884ರ ಗಲಭೆಗೆ ನ್ಯಾಯಾಲಯದ ಕಟ್ಟಡವೇ ಸುಟ್ಟು ಬಹಳಷ್ಟು ದಾಖಲೆ ಬೂದಿಯಾಯಿತು. ಆ ಕಾಲದ ಮದುವೆಗೆ ಚರ್ಚುಗಳ ಪುಸ್ತಕ, ಹಳೆಯ ಪತ್ರಿಕೆಗಳೇ ಗತಿ. ದಾಖಲೆಯೇ ಇಲ್ಲದ ಕಾನೂನುಬದ್ಧ ಮದುವೆಗಳೂ ಇವೆ. ಲೈಸೆನ್ಸ್ ಇಲ್ಲದೆ ಗಂಡ ಹೆಂಡಿರಾಗಿ ಬಾಳಿದವರ ಕಾಮನ್ ಲಾ ಮದುವೆಯನ್ನು, 1991ರ ಅಕ್ಟೋಬರ್ 10ಕ್ಕೆ ಮುಂಚೆ ಆಗಿದ್ದರೆ, ಒಹಾಯೋ ಒಪ್ಪುತ್ತದೆ.

ಹಳೆಯ ಪುಸ್ತಕದಲ್ಲಿ ಪುಟ ಸಿಕ್ಕಿತೆಂದು ಕೂಡಲೇ ವಂಶಾವಳಿಯಲ್ಲಿ ಬರೆದುಕೊಳ್ಳಬೇಡಿ. ಲೈಸೆನ್ಸ್ ಕೊಟ್ಟ ತಾರೀಕು, ಮದುವೆ ನಡೆದ ತಾರೀಕು ಎರಡೂ ಬೇರೆ ಬೇರೆ ನಮೂದುಗಳು. ಎರಡನೆಯದು ಖಾಲಿ ಇದ್ದರೆ, ಅವರಿಬ್ಬರು ಕೋರ್ಟಿಗೆ ಬಂದಿದ್ದರು ಎಂಬುದಷ್ಟೇ ಆ ಪುಟ ಹೇಳುತ್ತದೆ.