ಸಿಂಗಪುರದ ಡೆಂಗಿ ಪಾಠ: ನೀರು ಚೆಲ್ಲಿದರೆ ಸಾಲದು, ಅಂಚು ಉಜ್ಜಬೇಕು

ಸಿಂಗಪುರದ ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಬ್ಲಾಕಿನ ಕೆಳಗೆ ಕೆಂಪು ಬ್ಯಾನರ್ ಕಟ್ಟಿದ್ದರೆ ಆ ಜಾಗದಲ್ಲಿ ಡೆಂಗಿ ಪ್ರಕರಣ ಹತ್ತು ಅಥವಾ ಹೆಚ್ಚು ಎಂದರ್ಥ. ಹಳದಿ ಇದ್ದರೆ ಹತ್ತಕ್ಕಿಂತ ಕಡಿಮೆ. ಹೊಸ ಪ್ರಕರಣ ನಿಂತ ಮೇಲೆ ಹಸಿರು ಬರುತ್ತದೆ, ಆದರೂ ನಿಗಾ ಮುಂದುವರಿಯುತ್ತದೆ. 150 ಮೀಟರ್ ಅಂತರದೊಳಗೆ, 14 ದಿನಗಳೊಳಗೆ ಇಬ್ಬರಿಗೆ ಜ್ವರ ಕಾಣಿಸಿಕೊಂಡರೆ ಸಾಕು, ಇಲ್ಲಿನ ರಾಷ್ಟ್ರೀಯ ಪರಿಸರ ಸಂಸ್ಥೆ, ಅಂದರೆ ಎನ್‌ಇಎ, ಅದನ್ನು ಒಂದು ‘ಕ್ಲಸ್ಟರ್’ ಎಂದು ಗುರುತಿಸುತ್ತದೆ. ಸಿಬ್ಬಂದಿ ಟಾರ್ಚ್ ಹಿಡಿದು ಮನೆಮನೆ ತಪಾಸಣೆಗೆ ಬರುತ್ತಾರೆ. ಲಾರ್ವಾ, ಅಂದರೆ ಸೊಳ್ಳೆಯ ಮರಿ, ಸಿಕ್ಕರೆ ದಂಡ 200 ಸಿಂಗಪುರ ಡಾಲರಿನಿಂದ ಶುರು. ಬಾಡಿಗೆಮನೆ ಎಂಬ ನೆಪ ನಡೆಯುವುದಿಲ್ಲ.

ಅಷ್ಟು ಚೊಕ್ಕಟ ಊರಲ್ಲೂ ಡೆಂಗಿಯೇ ಎಂದು ಕರ್ನಾಟಕದ ನಮ್ಮ ಊರಿನವರು ಕೇಳುವುದು ಸಹಜ. 2020ರಲ್ಲಿ ಇಲ್ಲಿ 35 ಸಾವಿರಕ್ಕೂ ಹೆಚ್ಚು ಜನರಿಗೆ ಡೆಂಗಿ ಬಂತು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ, ನಿಂತ ತಿಳಿನೀರು ಬೇಕು. ಇಪ್ಪತ್ತು ಸೆಂಟಿನ ನಾಣ್ಯದಷ್ಟು ಅಗಲದ ನೀರಿದ್ದರೂ ಸಾಕು. ಇನ್ನೊಂದು ಕಾರಣ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ದಶಕಗಳಿಂದ ಸೊಳ್ಳೆ ಹತೋಟಿಯಲ್ಲಿರುವುದರಿಂದ ಬಹಳ ಜನರಿಗೆ ಡೆಂಗಿ ಬಂದೇ ಇಲ್ಲ, ಹಾಗಾಗಿ ಅವರಲ್ಲಿ ರೋಗನಿರೋಧಕ ಶಕ್ತಿಯೂ ಇಲ್ಲ. ವೈರಸ್ಸಿನಲ್ಲಿ ನಾಲ್ಕು ಬಗೆ. ಜನರಲ್ಲಿ ಹರಡುತ್ತಿರುವ ವೈರಸ್ಸಿನ ಬಗೆ ಬದಲಾದ ಕೂಡಲೇ, ಸೊಳ್ಳೆ ಕಡಿಮೆ ಇದ್ದರೂ, ಜ್ವರ ಏರುತ್ತದೆ. ಒಳ್ಳೆಯ ಕೆಲಸ ಮಾಡಿದ ಊರು ಆ ಕೆಲಸವನ್ನು ನಿಲ್ಲಿಸುವಂತಿಲ್ಲ.

ಮೊಟ್ಟೆಯ ವಿಷಯ ಗೊತ್ತಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಹೆಣ್ಣು ಈಡಿಸ್ ನೀರಿನ ಮೇಲಲ್ಲ, ನೀರಿನ ಗೆರೆಗಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಅವು, ಧೂಳೆಂದೇ ತೋರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮತ್ತೆ ನೀರು ಆ ಮಟ್ಟಕ್ಕೆ ಏರಿದಾಗ ಒಡೆದು ಮರಿಯಾಗುತ್ತವೆ. ಈ ಸೆಕೆಯಲ್ಲಿ ಮರಿ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಹಿಡಿಯುತ್ತದೆ. ಬಕೆಟ್ ಕವುಚಿ ಹಾಕಿ ಮುಗಿಯಿತು ಅಂದುಕೊಳ್ಳುವವರು ಎಡವುವುದು ಇಲ್ಲೇ. ಸ್ಪಂಜು ಅಥವಾ ಗಡುಸಾದ ಬ್ರಷ್ಷಿನಿಂದ ಒಳಗೋಡೆ ಮತ್ತು ಅಂಚನ್ನು ಉಜ್ಜಬೇಕು. ಉಜ್ಜಿದ ನೀರನ್ನು ಒಣನೆಲಕ್ಕೆ ಚೆಲ್ಲಬೇಕು, ಚರಂಡಿಗಲ್ಲ. ವಾರಕ್ಕೊಮ್ಮೆ ತಪ್ಪದೆ ಮಾಡಿದರೆ ಸರಪಳಿ ತುಂಡಾಗುತ್ತದೆ, ಹತ್ತು ದಿನಕ್ಕೊಮ್ಮೆ ಮಾಡಿದರೆ ಅಷ್ಟರಲ್ಲೇ ಸೊಳ್ಳೆ ಹಾರಿಹೋಗಿರುತ್ತದೆ.

ಇಲ್ಲಿನ ಮನೆಗಳಲ್ಲಿ ಲಾರ್ವಾ ಸಿಗುವ ಜಾಗಗಳನ್ನು ಹೊಸಬರು ಊಹಿಸುವುದು ಕಷ್ಟ. ಹಳೆಯ ಎಚ್‌ಡಿಬಿ ಮನೆಗಳ ಅಡುಗೆಮನೆ ಕಿಟಕಿಯ ಹೊರಗೆ, ಬಟ್ಟೆ ಒಣಗಿಸುವ ಬಿದಿರುಗಳನ್ನು ಸಿಕ್ಕಿಸಲು ಕೊಳವೆಗಳಿರುತ್ತವೆ. ಬಿದಿರು ತೆಗೆದ ಮೇಲೆ ಮುಚ್ಚಳ ಹಾಕದಿದ್ದರೆ ಮಳೆನೀರು ತುಂಬಿ ಅಲ್ಲೇ ನಿಲ್ಲುತ್ತದೆ. ಒಳಗೆ ಕೈ ಹೋಗುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಅತಿಥಿಗಳ ಬಚ್ಚಲಿನ ನೆಲದ ಜಾಲರಿ ಇನ್ನೊಂದು: ದಿನವೂ ನೀರು ಬಿಟ್ಟರೆ ತೊಂದರೆಯಿಲ್ಲ, ಬಳಸದೆ ಬಿಟ್ಟರೆ ಕೆಳಗಿನ ಬಾಗಿದ ಪೈಪಿನ ನೀರಿನಲ್ಲಿ ಮರಿ ಬೆಳೆಯುತ್ತವೆ. ಹೂಕುಂಡದ ತಟ್ಟೆ ಎಲ್ಲರಿಗೂ ಗೊತ್ತು. ಆದರೆ ಕುಂಡದ ಮಣ್ಣೇ ಗಟ್ಟಿಯಾಗಿ ನೀರು ಇಂಗದೆ ಮೇಲೆ ನಿಂತರೆ ಅದೂ ಸಾಕು, ಆಗಾಗ ಮಣ್ಣು ಕೆದಕಿ ಸಡಿಲ ಮಾಡಬೇಕು. ಹೂದಾನಿಯ ನೀರು ಬದಲಿಸುವಾಗ ಬೇರು, ಕಾಂಡ ಎರಡನ್ನೂ ತೊಳೆಯಬೇಕು, ಮೊಟ್ಟೆ ಅಲ್ಲಿಯೂ ಅಂಟಿರುತ್ತದೆ.

ಕರ್ನಾಟಕಕ್ಕೆ ತಿಂಗಳ ರಜೆ ಹೋಗುವವರು ಹೊರಡುವ ದಿನ ಅರ್ಧ ಗಂಟೆ ಇದಕ್ಕೇ ಇಡಿ. ಕಮೋಡಿನ ಮುಚ್ಚಳ ಹಾಕಿ. ನೆಲದ ಜಾಲರಿಗಳ ಮೇಲೆ ರಬ್ಬರ್ ಹಾಳೆ ಇಟ್ಟು ಟೇಪ್ ಅಂಟಿಸಿ. ಬಕೆಟ್, ತಟ್ಟೆ ಎಲ್ಲ ಒಣಗಿಸಿ ಬೋರಲು ಹಾಕಿ, ಬಿದಿರು ಕೊಳವೆಗಳಿಗೆ ಮುಚ್ಚಳ ಸಿಕ್ಕಿಸಿ. ಪಕ್ಕದ ಮನೆಯವರಲ್ಲಿ ಫೋನ್ ನಂಬರ್ ಬಿಟ್ಟು ಹೋಗಿ. ಚಾವಣಿಯ ಅಂಚಿಗೆ ಮಳೆನೀರಿನ ದೋಣಿ ಇರುವ ಮನೆಯವರು ಎಲೆ ಕಸ ತೆಗೆಸಿ ಬಿಟಿಐ ಹಾಕಿಸಿ. ಇದು ಮಣ್ಣಿನ ಬ್ಯಾಕ್ಟೀರಿಯಾದಿಂದ ತಯಾರಾದ ಲಾರ್ವಾನಾಶಕ, ಪ್ಯಾಕೆಟ್ ಮೇಲೆ ಬರೆದ ಅಳತೆಯನ್ನೇ ಪಾಲಿಸಬೇಕು. ಪರಿಣಾಮ ಕೆಲವು ವಾರ ಮಾತ್ರ, ಆದ್ದರಿಂದ ರಜೆ ಉದ್ದವಾದರೆ ನೆರೆಯವರಿಂದ ಮತ್ತೆ ಹಾಕಿಸಬೇಕು.

ಹೊಗೆ ಹೊಡೆಯುವುದರ ಬಗ್ಗೆ ಊರಿನಲ್ಲಿ ಇರುವ ನಂಬಿಕೆ ದೊಡ್ಡದು, ಕೆಲಸ ಸಣ್ಣದು. ಹೊಗೆಯ ಹನಿ ತಗುಲಿದ, ಹಾರಾಡುವ ಸೊಳ್ಳೆ ಮಾತ್ರ ಸಾಯುತ್ತದೆ. ಮಂಚದಡಿ, ಕಪಾಟಿನ ಹಿಂದೆ ಕುಳಿತದ್ದು ಉಳಿಯುತ್ತದೆ, ಬಕೆಟ್ಟಿನ ಮರಿಗೆ ಏನೂ ಆಗುವುದಿಲ್ಲ. ಮಾತುಮಾತಿಗೆ ಹೊಡೆದರೆ ಸೊಳ್ಳೆ ಔಷಧಕ್ಕೆ ಬಗ್ಗದಂತಾಗುತ್ತದೆ. ಕ್ಲಸ್ಟರ್ ಎದ್ದಾಗ ವೈರಸ್ ಹೊತ್ತ ಸೊಳ್ಳೆಗಳನ್ನು ಕೂಡಲೇ ತಗ್ಗಿಸಲು ಅದಕ್ಕೊಂದು ಜಾಗ ಇದೆ, ಅಷ್ಟೇ.

ಇಲ್ಲಿ ಸೊಳ್ಳೆಗಳನ್ನು ಬೇಕೆಂದೇ ಬಿಡುವುದೂ ಉಂಟು. 2016ರಿಂದ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊತ್ತ ಗಂಡು ಈಡಿಸ್‌ಗಳನ್ನು ಆಯ್ದ ಬಡಾವಣೆಗಳಲ್ಲಿ ಬಿಡುತ್ತಿದ್ದಾರೆ. ಗಂಡು ಕಚ್ಚುವುದಿಲ್ಲ. ಅಲ್ಲಿನ ಹೆಣ್ಣು ಸೊಳ್ಳೆ ಅದರ ಜೊತೆ ಕೂಡಿ ಇಟ್ಟ ಮೊಟ್ಟೆ ಒಡೆಯುವುದಿಲ್ಲ. ಬಿಡುಗಡೆ ನಡೆಯುವ ಬ್ಲಾಕಿನಲ್ಲೂ ವಾರದ ಉಜ್ಜಾಟ ನಿಲ್ಲಬಾರದು.

ನಮ್ಮ ರಾಜ್ಯದಲ್ಲೂ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತು ಮಾಡಿದರು. ಆದರೆ ದಿನವಿಡೀ ನಲ್ಲಿ ನೀರು ಬರುವ ಸಿಂಗಪುರದ ಕ್ರಮವನ್ನು ಹಾಗೇ ತರಲಾಗದು. ವಾರಕ್ಕೆರಡು ಸಲ ನೀರು ಬರುವ ಕಡೆ ಡ್ರಮ್ ಖಾಲಿ ಮಾಡಿ ಎಂದರೆ ಯಾರು ಕೇಳುತ್ತಾರೆ? ಅಲ್ಲಿ ಮಾಡಬೇಕಾದದ್ದು ಸಣ್ಣ ಕಣ್ಣಿನ ಬಟ್ಟೆಯನ್ನು ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟುವುದು (ಜೋತು ಬಿದ್ದರೆ ಅದರ ಮೇಲೇ ನೀರು ನಿಲ್ಲುತ್ತದೆ), ಹೊಸ ನೀರು ಬರುವ ಹಿಂದಿನ ದಿನ ತಳದ ನೀರು ಬಳಸಿ ಮುಗಿಸಿ ಗೋಡೆ ಉಜ್ಜುವುದು, ಸಂಪಿನ ಮುಚ್ಚಳದ ಸಂದು ಮುಚ್ಚಿ ಓವರ್‌ಫ್ಲೋ ಪೈಪಿಗೆ ಜಾಲರಿ ಕಟ್ಟುವುದು. ಮಲೆನಾಡು, ಕರಾವಳಿಯಲ್ಲಿ ಅಡಕೆ ಹಾಳೆ, ತೆಂಗಿನ ಚಿಪ್ಪು, ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರದ ಬಟ್ಟಲು ಇವನ್ನು ಕವುಚಿ ಹಾಕಲೇಬೇಕು.

ಊರಿಗೂ ಇಲ್ಲಿಗೂ ಓಡಾಡುವವರು ಒಂದು ಲೆಕ್ಕ ಇಟ್ಟುಕೊಳ್ಳಿ. ಕಚ್ಚಿದ 4ರಿಂದ 10 ದಿನದೊಳಗೆ ಜ್ವರ ಬರುತ್ತದೆ. ವಿಮಾನ ಇಳಿದ ವಾರದಲ್ಲಿ ಜ್ವರ ಬಂದರೆ ಎಲ್ಲಿಂದ ಬಂದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಎನ್‌ಎಸ್1 ಎಂಬ ಡೆಂಗಿ ರಕ್ತಪರೀಕ್ಷೆ ಜ್ವರದ ಮೊದಲ ಐದು ದಿನಗಳಲ್ಲಿ ಹೆಚ್ಚು ನಂಬಲರ್ಹ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಜ್ವರ ಇಳಿಯಿತೆಂದು ಸಮಾಧಾನಪಡುವ ಹೊತ್ತೇ ಅಪಾಯದ ಹೊತ್ತು: ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಅತಿಯಾದ ಸುಸ್ತು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಜ್ವರ ಇರುವವರೆಗೆ ರೋಗಿಗೆ ಹಗಲಲ್ಲೂ ಸೊಳ್ಳೆ ಪರದೆ ಕಟ್ಟಿ, ಮೈಗೆ ಸೊಳ್ಳೆ ನಿವಾರಕ ಹಚ್ಚಿ. ಅವರನ್ನು ಕಚ್ಚಿದ ಸೊಳ್ಳೆ ಒಂದೆರಡು ವಾರದಲ್ಲಿ ಅದೇ ಮನೆಯ ಇನ್ನೊಬ್ಬರಿಗೆ ವೈರಸ್ ದಾಟಿಸುತ್ತದೆ.