ಮೊದಲು ಸ್ಲೈಡು, ಆಮೇಲೆ ಡ್ರಾಪ್ಸು

ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳ ಮುರಿಯುವ ಕಾಲ ಬಂತೆಂದರೆ ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿ ಸಬೂರೋ ಪ್ಲೇಟುಗಳು ಖಾಲಿಯಾಗತೊಡಗುತ್ತವೆ. ಶಿಲೀಂಧ್ರ, ಅಂದರೆ ಎಲ್ಲರ ಬಾಯಲ್ಲಿರುವ ಫಂಗಸ್, ಬೆಳೆಸುವ ಅಗಾರ್ ಎಂಬ ಜೆಲ್ಲಿಯ ತಟ್ಟೆ ಅದು. ಜೋಳದ ಬೆನ್ನಿಗೇ ಭತ್ತದ ಕೊಯ್ಲು, ಚನ್ನಗಿರಿ ಕಡೆ ಅಡಿಕೆ ಕೊನೆ ಇಳಿಸುವ ಕೆಲಸ. ಗರಿ ತಾಗಿದವರು, ಹೊಟ್ಟು ಹಾರಿದವರು, ಒಕ್ಕುವ ಮಷಿನ್ನಿನ ಮುಂದೆ ಕನ್ನಡಕವಿಲ್ಲದೆ ನಿಂತವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ನಾನು ಕಣ್ಣಿನ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೂತು, ಅವರ ಕಣ್ಣಿನಿಂದ ಕೆರೆದು ತೆಗೆದದ್ದನ್ನು ನೋಡುವವಳು. ರೋಗಿಯ ಮುಖ ನನಗೆ ಕಾಣುವುದು ಅಪರೂಪ. ಕಾಣುವುದೇನಿದ್ದರೂ ಕಿಟಕಿಗೆ ಬಂದು ನಿಲ್ಲುವ ಮಗನೋ ಅಳಿಯನೋ. "ಮೇಡಂ, ನಮ್ಮಪ್ಪನ ಕಣ್ಣಾಗ ಏನ್ ಹುಳ ಸಿಕ್ತು?" ಅನ್ನುವುದು ಮಾಮೂಲಿ ಪ್ರಶ್ನೆ.

ಪ್ರಶ್ನೆ ಸರಿಯಾಗಿಯೇ ಇದೆ. ಇದೇ ಪ್ರಶ್ನೆಯನ್ನು ಎಂಟು ದಿನ ಮುಂಚೆ, ಊರಿನ ಮೆಡಿಕಲ್ ಶಾಪಿನಲ್ಲಿ ಯಾರಾದರೂ ಕೇಳಿದ್ದರೆ ಅನ್ನಿಸುತ್ತದೆ.

ಅಲ್ಲಿ ಆಗುವುದೇ ಬೇರೆ. "ಕಣ್ಣು ಕೆಂಪಾಗೈತಿ, ಒಂದು ಡ್ರಾಪ್ಸ್ ಕೊಡ್ರಿ" ಅಂದರೆ ಕೈಗೆ ಬರುವುದು ಹೆಚ್ಚಿನ ಸಲ ಆಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಎರಡೂ ಸೇರಿದ ಬಾಟಲಿ. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಕಣ್ಣಿಗೆ ಬಿದ್ದ ಮೇಲೆ ಕೆಂಪು ಇಳಿಯುತ್ತದೆ, ಚುಚ್ಚುವುದು ತಗ್ಗುತ್ತದೆ. ಔಷಧಿ ಹತ್ತಿತು ಎಂದು ಮನೆಯವರು ನೆಮ್ಮದಿಯಾಗಿರುತ್ತಾರೆ. ಒಳಗೆ ನಡೆದಿರುವುದೇನೆಂದರೆ, ಫಂಗಸ್ಸಿನ ಮೇಲೆ ಬಿದ್ದು ಹೋರಾಡಬೇಕಾದ ಬಿಳಿ ರಕ್ತಕಣಗಳನ್ನು ಸ್ಟೀರಾಯ್ಡ್ ಸುಮ್ಮನಾಗಿಸಿದೆ. ಆ ಕೆಂಪು ನಮ್ಮ ಕಡೆಯ ಸೈನ್ಯದ್ದೇ ಆಗಿತ್ತು. ಫಂಗಸ್ಸಿನ ಎಳೆಗಳು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ, ಒಳಪದರಗಳಿಗೆ ಆರಾಮಾಗಿ ಇಳಿಯುತ್ತವೆ. ಕಣ್ಣಲ್ಲಿ ಬಿಳಿ ಚುಕ್ಕೆ ದೊಡ್ಡದಾಗಿ, ಅದರ ಕೆಳಗೆ ಕೀವಿನ ಗೆರೆ ನಿಂತ ಮೇಲೆ ಬಸ್ಸು ಹತ್ತುತ್ತಾರೆ.

ನುರಿತ ಕಣ್ಣಿನ ಡಾಕ್ಟರಿಗೆ ನೋಡಿದ ಕೂಡಲೇ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅಂದಾಜು ಸಿಗುತ್ತದೆ. ಒಣಗಿದಂತೆ ಕಾಣುವ, ಅಂಚು ನವಿರು ಗರಿಯಂತೆ ಹರಡಿರುವ, ಪಕ್ಕದಲ್ಲಿ ಸಣ್ಣ ಸಣ್ಣ ಚುಕ್ಕೆಗಳಿರುವ ಹುಣ್ಣಾದರೆ ಫಂಗಸ್ ಅನ್ನುತ್ತಾರೆ. ಆದರೆ ಕಾರ್ನಿಯಾ ತಜ್ಞರಿಗೇ ಹುಣ್ಣುಗಳ ಫೋಟೋ ತೋರಿಸಿ ಇದು ಬ್ಯಾಕ್ಟೀರಿಯಾವೋ ಫಂಗಸ್ಸೋ ಎಂದು ಕೇಳಿದ ಅಧ್ಯಯನವೊಂದಿದೆ. ಅವರ ಉತ್ತರ ಸರಿಯಾದದ್ದು ಮೂರರಲ್ಲಿ ಎರಡು ಸಲದಷ್ಟು ಮಾತ್ರ. ಹಾಗಾಗಿ ಕೆರೆಯಲೇಬೇಕು ಅನ್ನುವುದು ನನ್ನ ಹಟ.

ಕೆರೆಯುವುದು ಅಂದಕೂಡಲೇ ಮನೆಯವರು ಬೆಚ್ಚುತ್ತಾರೆ. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪಿಗೆ ಗದ್ದ ಊರಿಸಿ, 15ನೇ ನಂಬರಿನ ಬ್ಲೇಡಿನಿಂದ ಡಾಕ್ಟರು ಹುಣ್ಣಿನ ಅಂಚು ಮತ್ತು ತಳದಿಂದ ಒಂದಿಷ್ಟು ತೆಗೆಯುತ್ತಾರೆ. ಸಿಗುವುದು ಸಾಸಿವೆ ಕಾಳಿನ ತುದಿಯಷ್ಟೂ ಇರುವುದಿಲ್ಲ. ಅಷ್ಟರಲ್ಲೇ ಸ್ಲೈಡುಗಳೂ ಆಗಬೇಕು, ಪ್ಲೇಟುಗಳೂ ಆಗಬೇಕು. ಪ್ಲೇಟಿನ ಮೇಲೆ ಇಂಗ್ಲಿಷಿನ ಸಿ ಅಕ್ಷರದ ಆಕಾರದಲ್ಲಿ ಗೀರುತ್ತೇವೆ. ಬೆಳೆದದ್ದು ಆ ಗೀರಿನ ಮೇಲೇ ಬೆಳೆದರೆ ಕಣ್ಣಿನದು, ಗೀರು ಬಿಟ್ಟು ಎಲ್ಲೋ ಮೂಲೆಯಲ್ಲಿ ಮೊಳೆತರೆ ಗಾಳಿಯಿಂದ ಬಿದ್ದದ್ದು. ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಕಲಿಸುವುದೇ ಈ ಗೀರನ್ನು, ಏಕೆಂದರೆ ಆಸ್ಪರ್ಜಿಲ್ಲಸ್ ಎಂಬ ಫಂಗಸ್ಸಿನ ಬೀಜಕಗಳು, ಅಂದರೆ ಸ್ಪೋರುಗಳು, ಎಲ್ಲ ಕೋಣೆಗಳ ಗಾಳಿಯಲ್ಲೂ ಇರುತ್ತವೆ.

ಇಡೀ ಲ್ಯಾಬಿನಲ್ಲಿ ನನಗೆ ಅತಿ ಮೆಚ್ಚಿನ ಪರೀಕ್ಷೆ ಅತಿ ಅಗ್ಗದ್ದು. ಸ್ಲೈಡಿನ ಮೇಲೆ ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ, ಮೇಲೊಂದು ಕವರ್‌ಸ್ಲಿಪ್. ಸ್ವಲ್ಪ ಹೊತ್ತು ಬಿಟ್ಟರೆ ಕಣ್ಣಿನ ಜೀವಕೋಶ, ಕೀವು ಎಲ್ಲ ಕರಗಿ ತಿಳಿಯಾಗುತ್ತದೆ. ಫಂಗಸ್ಸಿನ ಗೋಡೆ ಮಾತ್ರ ಕ್ಷಾರಕ್ಕೆ ಕರಗದೆ ಉಳಿಯುತ್ತದೆ. ಮೈಕ್ರೋಸ್ಕೋಪಿನ ಬೆಳಕು ತಗ್ಗಿಸಿ ನೋಡಿದರೆ ಕವಲೊಡೆದ, ನಡುನಡುವೆ ಅಡ್ಡಗೋಡೆಯಿರುವ ಎಳೆಗಳು. ಕ್ಯಾಲ್ಕೋಫ್ಲೋರ್ ವೈಟ್ ಎಂಬ ಬಣ್ಣ ಸೇರಿಸಿ ಫ್ಲೋರೊಸೆಂಟ್ ಮೈಕ್ರೋಸ್ಕೋಪಿನಲ್ಲಿ ಇಟ್ಟರಂತೂ ಕತ್ತಲಲ್ಲಿ ಹೊಳೆಯುತ್ತವೆ, ಹುಡುಕುವ ಕೆಲಸವೇ ಇಲ್ಲ. ಜೊತೆಗೊಂದು ಗ್ರಾಂ ಸ್ಟೇನ್, ಬ್ಯಾಕ್ಟೀರಿಯಾಗಳನ್ನು ಬಣ್ಣದಿಂದ ಗುರುತಿಸುವ ಪರೀಕ್ಷೆ. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ತೋರಿಸಿಕೊಟ್ಟ ನೇರಳೆ-ಗುಲಾಬಿ ಬಣ್ಣದ ಲೆಕ್ಕವನ್ನೇ ಇವತ್ತಿಗೂ ಮಾಡುತ್ತಿದ್ದೇವೆ. ಡಾಕ್ಟರು ಮುಂದಿನ ರೋಗಿಯನ್ನು ನೋಡಿ ಮುಗಿಸುವಷ್ಟರಲ್ಲಿ ಫೋನ್ ಮಾಡಿ ಹೇಳಬಹುದು: ಫಂಗಸ್ ಇದೆ, ಅಥವಾ ನೇರಳೆ ಬಣ್ಣದ ಜೋಡಿ ಕಾಳುಗಳಿವೆ, ಅಥವಾ ಗುಲಾಬಿ ಕಡ್ಡಿಗಳಿವೆ. ಚಿಕಿತ್ಸೆಯ ದಾರಿ ಅಲ್ಲಿಗೆ ಹೆಚ್ಚುಕಡಿಮೆ ತೀರ್ಮಾನವಾಯಿತು.

ಕಲ್ಚರ್, ಅಂದರೆ ಪ್ಲೇಟಿನಲ್ಲಿ ಬೆಳೆಸಿ ನೋಡುವುದು, ಅದನ್ನು ಖಚಿತಪಡಿಸುತ್ತದೆ. ಸಬೂರೋ ಪ್ಲೇಟಿನ ಮೇಲೆ ಬಿಳಿ ಹತ್ತಿಯಂತೆ ಎದ್ದು, ಸ್ಲೈಡಿನಲ್ಲಿ ಕುಡುಗೋಲಿನ ಆಕಾರದ ಬೀಜಕ ಕಂಡರೆ ಫ್ಯುಸೇರಿಯಂ. ಹಳದಿ-ಹಸಿರು ಪುಡಿಯಾದರೆ ಆಸ್ಪರ್ಜಿಲ್ಲಸ್ ಫ್ಲೇವಸ್. ಕಪ್ಪಗೆ ಬೆಳೆದು, ಬೀಜಕ ನಡುವೆ ಉಬ್ಬಿ ಬಾಗಿದ್ದರೆ ಕರ್ವುಲೇರಿಯಾ. ಇವೆಲ್ಲ ಹೊಲದ ಮಣ್ಣಿನಲ್ಲಿ, ಕೊಳೆತ ಸೊಪ್ಪಿನ ಮೇಲೆ, ಜೋಳದ ತೆನೆಯ ಮೇಲೆ ತಮ್ಮ ಪಾಡಿಗೆ ಬದುಕುವ ಜೀವಿಗಳು. ಕಣ್ಣು ಅವುಗಳ ಜಾಗವೇ ಅಲ್ಲ. ಕಾರ್ನಿಯಾದ ಮೇಲ್ಪದರ ಗಟ್ಟಿಯಿರುವವರೆಗೆ ಒಳಗೆ ಹೋಗಲೂ ಆಗುವುದಿಲ್ಲ. ಗರಿ ಗೀರಿದಾಗ ಬಾಗಿಲೂ ತೆರೆಯುತ್ತದೆ, ಬೀಜಕವೂ ಅದೇ ಗರಿಯ ಮೇಲೆ ಕೂತು ಬಂದಿರುತ್ತದೆ. ವೈದ್ಯ ಸಾಹಿತ್ಯದಲ್ಲಿ ಕಾರ್ನಿಯಾದ ಫಂಗಸ್ ಸೋಂಕನ್ನು ಮೊದಲು ವರ್ಣಿಸಿದವರು ಜರ್ಮನಿಯ ಥಿಯೊಡೋರ್ ಲೇಬರ್, 1879ರಲ್ಲಿ. ರೋಗಿ ಒಬ್ಬ ರೈತ. ಓಟ್ಸ್ ಒಕ್ಕುವಾಗ ಹೊಟ್ಟು ಕಣ್ಣಿಗೆ ಬಡಿದಿತ್ತು. ಹರಿಹರದಿಂದ ಬರುವ ನಮ್ಮ ಕೇಸ್‌ಶೀಟುಗಳಲ್ಲಿ ಓಟ್ಸ್ ಬದಲು ಭತ್ತ ಎಂದಿರುತ್ತದೆ, ಅಷ್ಟೇ.

ಫಂಗಸ್ ಎಂದು ಖಚಿತವಾದರೆ ಕೊಡುವುದು ಶೇಕಡ 5ರ ನಟಮೈಸಿನ್. 1955ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಯಿಂದ ಸಿಕ್ಕ ಹಳೇ ಔಷಧಿ. ಚೀಸ್ ಮೇಲೆ ಬೂಷ್ಟು ಬರದಂತೆ ಸವರುವುದೂ ಇದನ್ನೇ. ವೊರಿಕೊನಝೋಲ್ ಎಂಬ ಇನ್ನೊಂದು ಫಂಗಸ್ ಔಷಧಿ ಬಂದಾಗ, ಹೊಸದು, ಕಣ್ಣಿನೊಳಕ್ಕೆ ಚೆನ್ನಾಗಿ ಇಳಿಯುತ್ತದೆ, ಇನ್ನು ನಟಮೈಸಿನ್ ಕಾಲ ಮುಗಿಯಿತು ಎಂದುಕೊಂಡವರು ಬಹಳ. ಎರಡನ್ನೂ ಎದುರುಬದುರು ನಿಲ್ಲಿಸಿದ್ದು ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ, 323 ರೋಗಿಗಳ ಮೇಲೆ ನಡೆದ ಪ್ರಯೋಗ. 2013ರಲ್ಲಿ ಫಲಿತಾಂಶ ಬಂತು. ಗೆದ್ದದ್ದು ಹಳೇ ನಟಮೈಸಿನ್, ಅದರಲ್ಲೂ ಫ್ಯುಸೇರಿಯಂ ವಿಷಯದಲ್ಲಿ ಎದ್ದು ಕಾಣುವಂತೆ. ಜಗತ್ತಿನ ಪಠ್ಯಪುಸ್ತಕ ತಿದ್ದಿಸಿದ ಈ ಉತ್ತರ ನಮ್ಮ ಪಕ್ಕದ ರಾಜ್ಯದ ರೈತರ ಕಣ್ಣಿನಿಂದ ಬಂತು ಅನ್ನುವುದು ನನಗೆ ಸಣ್ಣ ಸಂಗತಿಯಲ್ಲ.

ನಟಮೈಸಿನ್‌ನ ತೊಂದರೆ ಏನೆಂದರೆ ಅದು ನೀರಿನಲ್ಲಿ ಕರಗುವುದಿಲ್ಲ. ಬಾಟಲಿಯಲ್ಲಿರುವುದು ಹಾಲಿನಂಥ ದ್ರವ, ಬಿಟ್ಟರೆ ಪುಡಿ ತಳಕ್ಕೆ ಕೂರುತ್ತದೆ. ಅಲ್ಲಾಡಿಸದೆ ಹಾಕಿದರೆ ಕಣ್ಣಿಗೆ ಬೀಳುವುದು ಬರೀ ನೀರಿನಂಥದ್ದು. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಹಾಕಬೇಕು, ವಾರಗಟ್ಟಲೆ ಮುಂದುವರಿಸಬೇಕು, ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ ಮೆತ್ತಿಕೊಳ್ಳುತ್ತದೆ. "ಇದೇನ್ರಿ ಸುಣ್ಣದ ನೀರು ಕೊಟ್ಟಾರ" ಎಂದು ಒಬ್ಬ ಅಜ್ಜಿ ನಮ್ಮ ಕಿಟಕಿಗೆ ಬಂದು ಜಗಳವಾಡಿದ್ದರು. ಲ್ಯಾಬಿನವಳಿಗೆ ಸಂಬಂಧವಿಲ್ಲದ ವಿಷಯವಾದರೂ ಅವತ್ತಿನಿಂದ ರಿಪೋರ್ಟ್ ತಗೊಳ್ಳುವವರಿಗೆಲ್ಲ "ಬಾಟಲಿ ಚೆನ್ನಾಗಿ ಅಲ್ಲಾಡಿಸ್ರಿ" ಎನ್ನದೆ ಕಳಿಸುವುದಿಲ್ಲ.

ಲೆನ್ಸ್ ಹಾಕುವ ಕಾಲೇಜು ಮಕ್ಕಳದ್ದು ಬೇರೆ ಕಥೆ. ಲೆನ್ಸ್ ತೆಗೆಯದೆ ಮಲಗಿರುತ್ತಾರೆ, ಡಬ್ಬಿಯನ್ನು ನಲ್ಲಿ ನೀರಿನಲ್ಲಿ ತೊಳೆದಿರುತ್ತಾರೆ. ಗ್ರಾಂ ಸ್ಟೇನಿನಲ್ಲಿ ತೆಳ್ಳನೆಯ ಗುಲಾಬಿ ಕಡ್ಡಿಗಳು ಕಂಡು, ಮರುದಿನ ಪ್ಲೇಟು ಹಸಿರಾದರೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ. ದ್ರಾಕ್ಷಿ ವಾಸನೆ ಬರುತ್ತದೆ ಎಂದು ಪುಸ್ತಕದಲ್ಲಿದೆ, ನನ್ನ ಮೂಗು ಇನ್ನೂ ಒಪ್ಪಿಲ್ಲ. ಫಂಗಸ್ ನಿಧಾನಿ, ಇದು ಅವಸರಗಾರ. ತನ್ನ ಕಿಣ್ವಗಳಿಂದ ಕಾರ್ನಿಯಾವನ್ನೇ ಕರಗಿಸುತ್ತ ಒಂದೆರಡು ದಿನದಲ್ಲಿ ತೂತು ಮಾಡಬಲ್ಲದು. ಇಲ್ಲಿ ಕಲ್ಚರಿಗೆ ಕಾಯುತ್ತ ಕೂರುವ ಹಾಗಿಲ್ಲ, ಸ್ಲೈಡ್ ನೋಡಿದ ಕೂಡಲೇ ಆಂಟಿಬಯಾಟಿಕ್ ಹನಿಗಳು ರಾತ್ರಿಯೂ ಬಿಡುವಿಲ್ಲದೆ ಬೀಳಬೇಕು. ಆಮೇಲೆ ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ನಾವು ಕೊಡುವ ಸೆನ್ಸಿಟಿವಿಟಿ ರಿಪೋರ್ಟ್ ನೋಡಿ ಬೇಕಾದರೆ ಬದಲಾಯಿಸುತ್ತಾರೆ. ನೇರಳೆ ಜೋಡಿ ಕಾಳಿನ ಬ್ಯಾಕ್ಟೀರಿಯಾ ನ್ಯೂಮೊಕಾಕಸ್ ಸಿಕ್ಕರೆ ಡಾಕ್ಟರು ಮೂಗಿನ ಪಕ್ಕದ ಕಣ್ಣೀರಿನ ಚೀಲವನ್ನು ಒತ್ತಿ ನೋಡುತ್ತಾರೆ. ಅಲ್ಲಿ ಕೀವು ತುಂಬಿದ್ದರೆ ಅದನ್ನು ಸರಿಮಾಡದೆ ಹುಣ್ಣು ವಾಸಿಯಾಗುವುದಿಲ್ಲ.

ನನ್ನನ್ನು ನಿಜಕ್ಕೂ ಕಾಡುವ ಜೀವಿ ಪಿಥಿಯಂ. ನಿಂತ ನೀರಿನಲ್ಲಿ, ಗದ್ದೆಯಲ್ಲಿ ಇರುವಂಥದ್ದು. ಸ್ಲೈಡಿನಲ್ಲಿ ಫಂಗಸ್ಸಿನ ಹಾಗೇ ಎಳೆಗಳು, ಸ್ವಲ್ಪ ಅಗಲ, ಅಡ್ಡಗೋಡೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದು ಫಂಗಸ್ಸೇ ಅಲ್ಲ, ಕಂದು ಪಾಚಿಗಳ ದೂರದ ನೆಂಟ. ನಟಮೈಸಿನ್ ಹಿಡಿದುಕೊಳ್ಳುವುದು ಫಂಗಸ್ಸಿನ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು. ಪಿಥಿಯಂನಲ್ಲಿ ಹಿಡಿಯಲು ಅದೇ ಇಲ್ಲ. ಫಂಗಸ್ ಎಂದು ರಿಪೋರ್ಟ್ ಹೋಗಿ, ಔಷಧಿ ಸರಿಯಾಗಿ ಬಿದ್ದರೂ ಹುಣ್ಣು ಹರಡುತ್ತಲೇ ಇದ್ದರೆ ಇದರ ಮೇಲೆ ಅನುಮಾನ ಬರಬೇಕು. ಪ್ಲೇಟಿನ ಮೇಲೆ ಬಣ್ಣವಿಲ್ಲದೆ ಅಗಾರಿಗೇ ಅಂಟಿಕೊಂಡು ಬೆಳೆಯುತ್ತದೆ. ಖಚಿತಪಡಿಸಲು ಬೇಯಿಸಿದ ಹುಲ್ಲಿನ ಎಸಳನ್ನು ಆ ಬೆಳವಣಿಗೆಯ ಮೇಲಿಟ್ಟು, ಆಮೇಲೆ ಲವಣದ ದ್ರಾವಣಕ್ಕೆ ಹಾಕಿ ಕಾಯಬೇಕು. ಅಂಚಿನಲ್ಲಿ ಕೋಶ ಉಬ್ಬಿ, ಒಡೆದು, ಬಾಲವಿರುವ ಬೀಜಕಗಳು ಈಜಿಕೊಂಡು ಹೊರಬರುತ್ತವೆ. ಅದನ್ನು ಕಂಡ ದಿನ ಊಟದ ಹೊತ್ತು ಮರೆತಿದ್ದೆ. ಇದಕ್ಕೆ ಕೊಡುವುದು ಬ್ಯಾಕ್ಟೀರಿಯಾದ ಔಷಧಿಗಳಾದ ಲಿನೆಝೊಲಿಡ್ ಮತ್ತು ಅಝಿತ್ರೋಮೈಸಿನ್. ಆದರೂ ಎಷ್ಟೋ ಕಣ್ಣುಗಳಿಗೆ ಕೊನೆಗೆ ದಾನದ ಕಾರ್ನಿಯಾ ಹೊಲಿಯಬೇಕಾಗುತ್ತದೆ, ಸೋಂಕಿನ ನಡುವೆ ಹೊಲಿದದ್ದು ತಿಳಿಯಾಗಿ ಉಳಿಯುವುದು ಕಷ್ಟ.

ಕಣ್ಣಿಗೆ ಸೋಂಕು ತರುವ ಅಕಾಂತಮೀಬಾ ಎಂಬ ಅಮೀಬಾ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಅದನ್ನು ಪ್ಲೇಟಿನಲ್ಲಿ ಬೆಳೆಸಲು ಇ. ಕೋಲೈ ಬ್ಯಾಕ್ಟೀರಿಯಾವನ್ನೇ ಊಟವಾಗಿ ಹರಡಿಕೊಡಬೇಕು ಅನ್ನುವಷ್ಟು ಇಲ್ಲಿ ಸಾಕು. ಇನ್ನು ಮಳೆಗಾಲದಲ್ಲಿ ಶಾಲೆಗೆ ಶಾಲೆಯೇ ಕೆಂಪಾಗುವ ಮದ್ರಾಸ್ ಐ, 2023ರಲ್ಲಿ ರಾಜ್ಯದ ತುಂಬ ಹಬ್ಬಿತ್ತಲ್ಲ, ಅದು ವೈರಸ್. ಕೈ ತೊಳೆದು, ಟವೆಲ್ಲು ಬೇರೆ ಇಟ್ಟುಕೊಂಡರೆ ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಅದಕ್ಕಾಗಿ ತಂದ ಸ್ಟೀರಾಯ್ಡ್ ಬಾಟಲಿ ಗೂಡಿನಲ್ಲಿ ಉಳಿದು, ಸುಗ್ಗಿಯಲ್ಲಿ ಗರಿ ತಾಗಿದ ಕಣ್ಣಿಗೆ ಬೀಳುವುದೇ ನನ್ನ ಭಯ.

ಮನೆಮದ್ದಿನವರ ಜೊತೆ ವಾದ ಮಾಡಿ ಸಾಕಾಗಿದೆ. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ, ನಾಲಗೆಯಿಂದ ಕಸ ತೆಗೆಯುವವರು. ಗೀರು ಬಿದ್ದ ಕಾರ್ನಿಯಾಕ್ಕೆ ಇವು ಯಾವುವೂ ಬೇಡ. ನಾಲಗೆಯಂತೂ ಸ್ಟ್ರೆಪ್ಟೊಕಾಕಸ್‌ಗಳ ತವರು. ಬೇಕಾದದ್ದು ಬೇಗ ಬರುವುದು. ನೇಪಾಳದ ಭಕ್ತಪುರದಲ್ಲಿ 1990ರ ದಶಕದಲ್ಲಿ ಕಣ್ಣು ತರಚಿಕೊಂಡವರನ್ನು ಆರೋಗ್ಯ ಕಾರ್ಯಕರ್ತರು ಹತ್ತಿರದ ಕಣ್ಣಿನ ಕೇಂದ್ರಗಳಿಗೆ ಕಳಿಸಿದರು, ಅಲ್ಲಿ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯಾಟಿಕ್ ಮುಲಾಮನ್ನು ಮೂರು ದಿನ ಹಚ್ಚಿಸಿದರು. ಗಾಯವಾದ 18 ಗಂಟೆಯೊಳಗೆ ಬಂದ ಒಬ್ಬರಿಗೂ ಹುಣ್ಣಾಗಲಿಲ್ಲ. ಮುಂದೆ ನೇಪಾಳದಲ್ಲೇ ಇನ್ನೂ ದೊಡ್ಡದಾಗಿ, ಹಳ್ಳಿಗಳನ್ನು ಹೋಲಿಸಿ ನೋಡಿದ ಪ್ರಯೋಗದಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮುಲಾಮಿನ ಬಗ್ಗೆ ನಾನು ಆಣೆ ಮಾಡುವುದಿಲ್ಲ. ಗರಿ ತಾಗಿದ ಮರುದಿನವೇ ಬಂದವರ ಸ್ಲೈಡಿಗೂ ಹದಿನೈದು ದಿನ ಸುತ್ತಾಡಿ ಬಂದವರ ಸ್ಲೈಡಿಗೂ ಇರುವ ಅಂತರ ಮಾತ್ರ ನಾನು ದಿನಾ ನೋಡುವಂಥದ್ದು.

ಬರುವಾಗ ಒಂದು ಉಪಕಾರ ಮಾಡಿ. ಕಣ್ಣಿಗೆ ಹಾಕಿದ ಬಾಟಲಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ತನ್ನಿ, ಖಾಲಿಯಾಗಿದ್ದರೂ, ಲೇಬಲ್ ಅರ್ಧ ಹರಿದಿದ್ದರೂ ಸರಿ. ಲೆನ್ಸ್ ಹಾಕುವವರು ಡಬ್ಬಿ ಮತ್ತು ಅದರಲ್ಲಿರುವ ನೀರನ್ನು ಚೆಲ್ಲದೆ ತನ್ನಿ, ಕಣ್ಣಿನಲ್ಲಿ ಸಿಗದ ಜೀವಿ ಎಷ್ಟೋ ಸಲ ಆ ಡಬ್ಬಿಯಲ್ಲಿ ಸಿಗುತ್ತದೆ. ಏನು ತಾಗಿತು, ಜೋಳವೋ ಭತ್ತವೋ ಕಬ್ಬಿನ ರವದಿಯೋ ಕೆರೆಯ ನೀರೋ, ಡಾಕ್ಟರು ಕೇಳದಿದ್ದರೂ ಹೇಳಿ. ಅವರು ಅದನ್ನು ಫಾರಂನಲ್ಲಿ ಬರೆದು ಕಳಿಸಿದರೆ ಯಾವ ಪ್ಲೇಟು ತೆಗೆಯಬೇಕು ಎಂದು ನನಗೆ ತಿಳಿಯುತ್ತದೆ.